ಸ್ಟಾಕ್‌ಹೋಮ್ ಬೇಕರಿಯಲ್ಲಿ ನಮ್ಮೂರಿನ ಘಮ

ಫೆಬ್ರವರಿಯಲ್ಲಿ ತಮ್ಮನ ಮನೆಗೆ ಅಂತ ಸ್ಟಾಕ್‌ಹೋಮ್‌ಗೆ ಹೋದಾಗ, ಗಾಮ್ಲಾ ಸ್ತಾನ್ ಅನ್ನುವ ಹಳೇ ಪೇಟೆಯ ಒಂದು ಚಿಕ್ಕ ಬೇಕರಿ ಬಾಗಿಲು ತೆಗೆದ ಕೂಡಲೇ, ತೀರ್ಥಹಳ್ಳಿಯ ನಮ್ಮ ಮನೆಯಲ್ಲಿ ಏಲಕ್ಕಿ ಒಣಗಿಸುವಾಗ ಬರುವ ಘಮವೇ ಬಂತು. ಅದು ಕಾರ್ಡೆಮುಮ್ಮಬುಲ್ಲೆ, ಅಂದರೆ ಏಲಕ್ಕಿ ಬನ್. ಕಾಳನ್ನು ನುಣ್ಣಗೆ ಪುಡಿ ಮಾಡದೆ ತರಿತರಿಯಾಗಿ ಕುಟ್ಟಿ, ಬೆಣ್ಣೆ ಸಕ್ಕರೆ ಜೊತೆ ಹಿಟ್ಟಿಗೆ ಸವರಿ, ಗಂಟು ಹಾಕಿ ಬೇಯಿಸುತ್ತಾರೆ. ಹಲ್ಲಿಗೆ ಸಿಕ್ಕಾಗಲೆಲ್ಲ ಎಷ್ಟು ಖುಷಿ!

ಸೆಮ್ಲಾ ಕೂಡ ತಿಂದೆ. ಬನ್ ಒಳಗೆ ಬಾದಾಮಿ ಪೇಸ್ಟ್, ಮೇಲೆ ರಾಶಿ ಕ್ರೀಮ್. ಈಸ್ಟರ್ ಉಪವಾಸಕ್ಕೆ ಮುಂಚಿನ ದಿನಗಳ ತಿಂಡಿ ಇದು. ರುಚಿ ಚೆನ್ನಾಗಿದೆ, ಒಬ್ಬರಿಗೆ ಜಾಸ್ತಿ, ಇಬ್ಬರು ಹಂಚಿಕೊಳ್ಳಿ. ಹಸಿರು ಮಾರ್ಜಿಪಾನ್ (ಬಾದಾಮಿ ಪುಡಿ, ಸಕ್ಕರೆ ಕಲಸಿದ ಕಣಕ) ಹೊದಿಸಿದ ಪ್ರಿನ್ಸೆಸ್ ಕೇಕ್ ನನಗೆ ತೀರಾ ಸಿಹಿ.

ಅಮ್ಮನಿಗೆ ಅಂತ ನಾಲ್ಕು ಏಲಕ್ಕಿ ಬನ್ ಕಟ್ಟಿಸಿಕೊಂಡು ಬಂದೆ. ಊರಿಗೆ ಬರುವಷ್ಟರಲ್ಲಿ ಗಟ್ಟಿಯಾಗಿದ್ದವು, ಕಾವಲಿ ಮೇಲೆ ಬಿಸಿ ಮಾಡಿದರೆ ಘಮ ಹಾಗೇ ಇತ್ತು.