ಶಿರಸಿಯಲ್ಲಿ ಕೆತ್ತಿಸಿದ ಐರಿಷ್ ಹೆಸರು: ಒಂದು ನಾಮಫಲಕದ ವಿಮರ್ಶೆ

ಮಗುವಿನ ಹೆಸರನ್ನೂ ಅದರ ಅರ್ಥ, ಮೂಲ, ಜನಪ್ರಿಯತೆಯ ವಿವರವನ್ನೂ ಮರದ ಹಲಗೆಯಲ್ಲಿ ಕೆತ್ತಿಕೊಡುವ ಅಂಗಡಿಯೊಂದು ಶಿರಸಿ ಪೇಟೆಯಲ್ಲಿದೆ. ನಡೆಸುವವರು ಗುಡಿಗಾರ ಮನೆತನದವರು. ದೇವರ ಮಂಟಪ, ಗಂಧದ ಪೆಟ್ಟಿಗೆಗಳ ನಡುವೆ ಈ ನಾಮಫಲಕಗಳು ಗೋಡೆಗೆ ತೂಗುತ್ತಿರುತ್ತವೆ. ಹೊನ್ನಾವರದ ನಮ್ಮ ಕ್ರೈಸ್ತ ಸ್ನೇಹಿತರ ಮಗಳು ಐರ್ಲೆಂಡಿನಲ್ಲಿ ನರ್ಸ್ ಆಗಿದ್ದು, ಅವಳ ಹೆಣ್ಣುಮಗುವಿಗೆ ‘ಬ್ರೀಡ್’ ಎಂದು ಹೆಸರಿಟ್ಟ ಸುದ್ದಿ ಬಂದಾಗ ಉಡುಗೊರೆಗೆ ಇದೇ ಸರಿಯೆನಿಸಿತು. ಆ ಮನೆಯ ಅಜ್ಜಿಯ ಹೆಸರು ಬ್ರಿಜಿದಾ. ಎರಡೂ ಒಂದೇ ಹೆಸರಿನ ಎರಡು ರೂಪಗಳಾಗಿರುವುದರಿಂದ ಫಲಕದ ಬರಹ ಸರಿಯಾಗಿರಬೇಕೆಂಬುದು ನನಗೆ ಮುಖ್ಯವಾಗಿತ್ತು.

ಕುಶಲತೆಯ ವಿಷಯದಲ್ಲಿ ಮೆಚ್ಚುಗೆಯನ್ನು ಹಿಡಿದಿಟ್ಟುಕೊಳ್ಳುವ ಅಗತ್ಯವಿಲ್ಲ. ಸಾಗವಾನಿ ಮತ್ತು ಶಿವಣೆ ಎರಡರ ಹಲಗೆಗಳೂ ಅಲ್ಲಿ ದೊರೆಯುತ್ತವೆ. ದೂರ ಕಳುಹಿಸುವುದಕ್ಕೆ ಹಗುರವಾದ, ಸುಲಭವಾಗಿ ಸೊಟ್ಟಗಾಗದ ಶಿವಣೆಯೇ ಒಳ್ಳೆಯದೆಂದು ಅವರೇ ಹೇಳಿದರು. ಹೆಸರಿನ ದೊಡ್ಡ ಅಕ್ಷರಗಳನ್ನು ಉಳಿಯಿಂದ ಕೈಯಲ್ಲೇ ಬಿಡಿಸುತ್ತಾರೆ, ಕೆಳಗಿನ ಸಣ್ಣ ಬರಹವನ್ನು ಲೇಸರ್ ಯಂತ್ರದಿಂದ ಸುಡುತ್ತಾರೆ. ಐರಿಷ್ ಲಿಪಿಯಲ್ಲಿ ಈ ಹೆಸರನ್ನು ಬರೆಯುವಾಗ ‘ಐ’ ಅಕ್ಷರದ ಮೇಲೆ ಚುಕ್ಕೆಯ ಬದಲು ದೀರ್ಘವನ್ನು ಸೂಚಿಸುವ ಓರೆಗೆರೆ ಇರಬೇಕು. ಮೊದಲ ನಕ್ಷೆಯಲ್ಲಿ ಚುಕ್ಕೆಯೇ ಇತ್ತು. ತೋರಿಸಿದ ಕೂಡಲೇ ಬೇಸರಿಸದೆ ತಿದ್ದಿದರು. ಕನ್ನಡದ ‘ಬ್ರೀ’ ಅಕ್ಷರದ ರಾವತ್ತಿನ ಬಳುಕಂತೂ ಯಾವ ಯಂತ್ರಕ್ಕೂ ಬಾರದ ಕೆಲಸ.

ಸೋತದ್ದು ಬರಹದಲ್ಲಿ. ಅಂಗಡಿಯ ಕಂಪ್ಯೂಟರಿನಲ್ಲಿ ಹೆಸರುಗಳ ಸಿದ್ಧಪಾಠಗಳಿದ್ದು, ಗಿರಾಕಿ ಬೇರೇನೂ ಹೇಳದಿದ್ದರೆ ಅದನ್ನೇ ಹಲಗೆಗೆ ಇಳಿಸುತ್ತಾರೆ. ಬ್ರೀಡ್‌ನ ಇಂಗ್ಲಿಷ್ ರೂಪವಾದ ‘ಬ್ರಿಜೆಟ್’ ಎಂಬಲ್ಲಿ ಇದ್ದ ಬರಹ ಹೀಗಿತ್ತು: ‘ಬೆಂಕಿಯ ಬಾಣ, ವಧು, ಐರ್ಲೆಂಡಿನ ಅತ್ಯಂತ ಜನಪ್ರಿಯ ಹೆಸರು.’ ‘ವಧು’ ಎಂಬುದಕ್ಕೆ ಇಂಗ್ಲಿಷಿನ ‘ಬ್ರೈಡ್’ ಪದದೊಂದಿಗಿನ ಧ್ವನಿಸಾಮ್ಯವನ್ನು ಬಿಟ್ಟರೆ ಆಧಾರವಿಲ್ಲ. ‘ಬೆಂಕಿಯ ಬಾಣ’ಕ್ಕಾದರೋ ಹಳೆಯ ಮೂಲವಿದೆ: ಸುಮಾರು 900ರ ಹೊತ್ತಿನದೆನ್ನಲಾದ, ಐರ್ಲೆಂಡಿನ ಮನ್‌ಸ್ಟರ್ ಪ್ರಾಂತದ ರಾಜನೂ ಬಿಷಪ್ಪನೂ ಆಗಿದ್ದ ಕಾರ್ಮಾಕನ ಹೆಸರಿನ ನಿಘಂಟು ಹೆಸರನ್ನು ಹಾಗೆ ಒಡೆದು ತೋರಿಸುತ್ತದೆ. ಆದರೆ ಅದು ಪದವನ್ನು ಕೇಳಿದಂತೆ ಒಡೆದು ಕಟ್ಟಿದ ಅರ್ಥವೆಂಬುದು ಇಂದಿನ ಭಾಷಾವಿಜ್ಞಾನಿಗಳ ನಿಲುವು. ಅವರ ಪ್ರಕಾರ ಈ ಹೆಸರಿನ ಮೂಲ ಪ್ರಾಚೀನ ಕೆಲ್ಟಿಕ್ ಭಾಷೆಯ ‘ಬ್ರಿಗಾಂತೀ’, ಅಂದರೆ ಎತ್ತರದವಳು, ಉನ್ನತಳು. ಉತ್ತರ ಬ್ರಿಟನ್ನಿನ ಬ್ರಿಗಾಂಟಿಯಾ ದೇವತೆಯ ಹೆಸರೂ ಅಲ್ಲಿಂದಲೇ ಬಂದದ್ದು. ನಮಗೆ ಇನ್ನೂ ಹತ್ತಿರದ ಸಂಗತಿಯೆಂದರೆ, ಸಂಸ್ಕೃತದ ‘ಬೃಹತೀ’ ಎಂಬ ಪದ ಇದಕ್ಕೆ ಒಡಹುಟ್ಟಿದ್ದು. ವೇದಪಾಠ ಕೇಳಿ ಬೆಳೆದ ಶಿರಸಿ ಸೀಮೆಯ ಕಿವಿಗೆ ಬೃಹತೀ ಎಂದರೆ ಮೂವತ್ತಾರು ಅಕ್ಷರಗಳ ಛಂದಸ್ಸು. ಅದೇ ಕಾರ್ಮಾಕನ ನಿಘಂಟಿನಲ್ಲಿ ಬ್ರಿಗಿತ್ ಎಂಬವಳು ಐರಿಷ್ ಪುರಾಣದ ದೇವರಾದ ದಗ್ದನ ಮಗಳು, ಕವಿಗಳು ಪೂಜಿಸುತ್ತಿದ್ದ ದೇವತೆ. ಆ ಛಂದಸ್ಸಿಗೂ ಕವಿಗಳ ಈ ದೇವತೆಗೂ ನೇರ ಸಂಬಂಧವಿದೆಯೆಂದು ನಾನು ಹೇಳುತ್ತಿಲ್ಲ, ಆದರೆ ಇಷ್ಟು ದೊಡ್ಡ ಹೆಸರನ್ನು ‘ಬೆಂಕಿಯ ಬಾಣ’ಕ್ಕೆ ಇಳಿಸಿ ಮಗುವಿನ ತೊಟ್ಟಿಲ ಮೇಲೆ ತೂಗುಹಾಕುವುದು ನನಗೆ ಸರಿಬರಲಿಲ್ಲ.

ದೇವತೆಯ ಹೆಸರನ್ನೇ ಹೊತ್ತ ಸಂತ ಬ್ರಿಜಿಡ್, ಸಂಪ್ರದಾಯದ ಪ್ರಕಾರ 5ನೆಯ ಶತಮಾನದಲ್ಲಿ ಹುಟ್ಟಿ ಕಿಲ್‌ಡೇರ್‌ನಲ್ಲಿ ಮಠ ಸ್ಥಾಪಿಸಿದವಳು. ಕಿಲ್‌ಡೇರ್ ಎಂದರೆ ಓಕ್ ಮರದ ಚರ್ಚು. ಮರದಲ್ಲಿ ಕೆತ್ತಿಸುವ ಫಲಕಕ್ಕೆ ಇದಕ್ಕಿಂತ ಒಪ್ಪುವ ಊರಿಲ್ಲ. ಅವಳ ಶಿರಸ್ಸನ್ನು ಮೂವರು ಐರಿಷ್ ಯೋಧರು 1283ರಲ್ಲಿ ಪೋರ್ಚುಗಲ್ಲಿಗೆ ತಂದರೆಂಬ ಐತಿಹ್ಯ ಲಿಸ್ಬನ್ನಿನ ಲುಮಿಯಾರ್ ಚರ್ಚಿನಲ್ಲಿದೆ. ಪೋರ್ಚುಗೀಸರ ಬಾಯಲ್ಲಿ ‘ಬ್ರಿಜಿದಾ’ ಆದ ಹೆಸರು ಗೋವೆಯ ದಾರಿಯಾಗಿ ನಮ್ಮ ಕರಾವಳಿಗೆ ಬಂದಿತು. ಅಜ್ಜಿಯ ಹೆಸರು ಬಂದ ದಾರಿ ಅದು, ಮೊಮ್ಮಗಳದು ನೇರವಾಗಿ ಮೂಲದ ಊರಿನದೇ.

ಜನಪ್ರಿಯತೆಯ ಸಾಲು ಕೂಡ ಹಳಸಿದ್ದು. 20ನೆಯ ಶತಮಾನದ ಆರಂಭದಲ್ಲಿ ಐರ್ಲೆಂಡಿನಲ್ಲಿ ಮೇರಿಯ ಜೊತೆಗೆ ಬ್ರಿಜೆಟ್ ತೀರ ಸಾಮಾನ್ಯವಾಗಿತ್ತೆಂಬುದು ನಿಜ. ಆದರೆ 1845ರ ನಂತರದ ಮಹಾಕ್ಷಾಮದಿಂದಾಗಿ ಅಮೆರಿಕಕ್ಕೆ ವಲಸೆ ಹೋದ ಐರಿಷ್ ಹೆಣ್ಣುಮಕ್ಕಳಲ್ಲಿ ಬಹಳ ಮಂದಿ ಮನೆಗೆಲಸಕ್ಕೆ ಸೇರಿದರು, ಅಲ್ಲಿ ‘ಬ್ರಿಜೆಟ್’ ಎಂದರೆ ಕೆಲಸದವಳೆಂಬ ತಾತ್ಸಾರದ ಅಡ್ಡಹೆಸರೇ ಆಗಿಹೋಯಿತು. ಕಾಲಕ್ರಮದಲ್ಲಿ ಐರ್ಲೆಂಡಿನಲ್ಲಿಯೂ ಹೆಸರು ಹಿಂದೆ ಸರಿಯಿತು. 2021ರಲ್ಲಿ ಅಲ್ಲಿ ಹೆಣ್ಣುಮಕ್ಕಳ ಹೆಸರುಗಳ ಪಟ್ಟಿಯಲ್ಲಿ ಮೊದಲ ಸ್ಥಾನ ‘ಫೀಯಾ’ದ್ದು. ಹೀಗಿದ್ದರೂ ಫೆಬ್ರುವರಿ 1ರ ಬ್ರಿಜಿಡ್ ಹಬ್ಬದ ಗೌರವಾರ್ಥ 2023ರಿಂದ ಆ ದೇಶದಲ್ಲಿ ಸಾರ್ವಜನಿಕ ರಜೆ ಆರಂಭವಾಗಿದೆ. ಸ್ತ್ರೀಯೊಬ್ಬಳ ಹೆಸರಿನಲ್ಲಿ ಅಲ್ಲಿ ಘೋಷಣೆಯಾದ ಮೊದಲ ಸಾರ್ವಜನಿಕ ರಜೆ ಅದು. ಹೆಸರಿಗೆ ಇಂದಿರುವ ಮಾನವನ್ನು ಪಟ್ಟಿಯ ಸ್ಥಾನಕ್ಕಿಂತ ಇದು ಚೆನ್ನಾಗಿ ಹೇಳುತ್ತದೆ.

ಹೀಗಾಗಿ ಸಿದ್ಧಪಾಠವನ್ನು ಬಿಡಿಸಿ ನಾನೇ ಬರೆದುಕೊಟ್ಟೆ: ‘ಬ್ರೀಡ್. ಉನ್ನತಳು. ಸಂಸ್ಕೃತದ ಬೃಹತಿಯ ಒಡಹುಟ್ಟು. ಅಜ್ಜಿ ಬ್ರಿಜಿದಾಳ ಹೆಸರು.’ ಇದಕ್ಕೆ ಬೇರೆ ಹಣ ಕೇಳಲಿಲ್ಲ. ಮೂಲೆಯಲ್ಲಿ ಬ್ರಿಜಿಡ್‌ಳ ಶಿಲುಬೆಯನ್ನೂ ಕೆತ್ತಲು ಕೇಳಿದ್ದೆ. ಜೊಂಡುಹುಲ್ಲನ್ನು ಹೆಣೆದು ಮಾಡುವ, ನಡುವೆ ಚೌಕವೂ ನಾಲ್ಕು ತೋಳುಗಳೂ ಇರುವ ಶಿಲುಬೆ ಅದು. ಬೆಂಡಿನ ಬಾಸಿಂಗ ಮಾಡಿ ಪಳಗಿದ ಕೈಗೆ ಆ ಹೆಣಿಗೆಯ ಗುಟ್ಟು ಫೋಟೋ ನೋಡಿದೊಡನೆ ತಿಳಿಯಿತು. ಯಾವ ಎಳೆ ಮೇಲೆ, ಯಾವುದು ಕೆಳಗೆ ಎಂಬುದು ಮರದಲ್ಲಿಯೂ ಸ್ಪಷ್ಟವಾಗಿ ಕಾಣುತ್ತದೆ. ಇಡೀ ಫಲಕದಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ ಅದೇ.

ಲೇಸರ್ ಅಕ್ಷರಗಳು ಸಣ್ಣವಾದವು, ವಯಸ್ಸಾದವರಿಗೆ ಓದಲು ಕಷ್ಟ. ಆದ್ದರಿಂದ ಬರಹ ನಾಲ್ಕು ಸಾಲು ಮೀರದಿರಲಿ. ಬೆಲೆ ಮೂರೂವರೆ ಸಾವಿರ ರೂಪಾಯಿ. ಕೈಕೆಲಸದ ಪಾಲನ್ನು ನೋಡಿದರೆ ಇದು ಹೆಚ್ಚಲ್ಲ. ಕಟ್ಟಿಕೊಡುವುದು ಮಾತ್ರ ಬರಿಯ ರಟ್ಟಿನಲ್ಲಿ, ವಿದೇಶಕ್ಕೆ ಕಳುಹಿಸುವವರು ಮೂಲೆಗಳಿಗೆ ಥರ್ಮೋಕೋಲ್ ಇಡಿಸಿಕೊಳ್ಳಬೇಕು. ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಯ ಹೊತ್ತಿಗೆ ಅಂಗಡಿಯಲ್ಲಿ ಕೆಲಸದ ಒತ್ತಡ ಹೆಚ್ಚಿರುವುದರಿಂದ ಆ ವರ್ಷ ಬೇಡಿಕೆಯನ್ನು ಸಾಕಷ್ಟು ಮೊದಲೇ ಕೊಡುವುದು ಲೇಸು. ಕೊಡುವಾಗ ಹೆಸರಿನ ಅರ್ಥವನ್ನು ನೀವೇ ಬರೆದು ಒಯ್ಯಿರಿ.