ಬ್ರಯಾನ್ 2: ನಾಯ್ಸ್ ಕೊಟ್ರೆ ನ್ಯೂರಾನ್‌ಗಳು ಕೆಡ್ತಾವಾ, ಒಂದಾಗ್ತಾವಾ?

ನ್ಯೂರಲ್ ನೆಟ್‌ವರ್ಕ್ ಸಿಂಕ್ರೊನೈಸೇಶನ್ (ಎಲ್ಲ ಒಂದೇ ತಾಳಕ್ಕೆ ಬರೋದು) ಪೇಪರ್ ಓದಿದವ್ರಿಗೆ ಗೊತ್ತು, ಸ್ಥಿರತೆ ಸಾಬೀತು ಮಾಡೋಕೆ ಲ್ಯಾಪುನೋವ್ ಫಂಕ್ಷನ್ ಒಂದು ಬರೀತಾರೆ, ನಾಯ್ಸ್ ಇರೋ ಸಮೀಕರಣಕ್ಕೆ ಬಳಸೋ ಇಟೋ ಫಾರ್ಮುಲಾ ಹಚ್ತಾರೆ, ಉದ್ದ ಮ್ಯಾಟ್ರಿಕ್ಸ್ ಬರತ್ತೆ, ಕೊನೇಲಿ ಎರಡು ನ್ಯೂರಾನ್ ಗ್ರಾಫ್ ಹಾಕಿ ಮೀನ್ ಸ್ಕ್ವೇರ್‌ನಲ್ಲಿ (ವ್ಯತ್ಯಾಸದ ವರ್ಗದ ಸರಾಸರಿ ಲೆಕ್ಕದಲ್ಲಿ) ಸ್ಟೇಬಲ್ ಅಂತ ಮುಗಿಸ್ತಾರೆ. ನಾಯ್ಸ್, ಅಂದ್ರೆ ಗೊತ್ತುಗುರಿಯಿಲ್ಲದ ಏರಿಳಿತದ ಗಲಾಟೆ ಮಧ್ಯೆ ನ್ಯೂರಾನ್‌ಗಳು ಹೆಂಗೆ ಜೊತೆಯಾಗ್ತಾವೆ ಅನ್ನೋದು ಮಾತ್ರ ಕಣ್ಣಿಗೆ ಕಾಣಲ್ಲ. ಅದಕ್ಕೇ ಬ್ರಯಾನ್ 2 ಹಾಕ್ಕೊಂಡೆ. ನ್ಯೂರಾನ್‌ಗಳನ್ನ ಕಂಪ್ಯೂಟರ್‌ನಲ್ಲಿ ಅನುಕರಿಸೋ ಪೈಥಾನ್ ಲೈಬ್ರರಿ, ಕಾಸಿಲ್ಲ. ಡೀಪ್ ಲರ್ನಿಂಗ್ ಅನ್ಕೊಂಡು ಬರ್ಬೇಡಿ, ಇದು ಸ್ಪೈಕ್ (ಚಿಕ್ಕ ವಿದ್ಯುತ್ ಮಿಡಿತ) ಹೊಡೆಯೋ ನ್ಯೂರಾನ್‌ಗಳದ್ದು.

ಸಮೀಕರಣ ಪುಸ್ತಕದಲ್ಲಿರೋ ಹಂಗೇ ಟೈಪ್ ಮಾಡ್ಬಹುದು, ಕ್ಸೈ ಅಂತ ಒಂದು ಪದ ಸೇರಿಸಿದ್ರೆ ಪ್ರತಿ ನ್ಯೂರಾನ್‌ಗೂ ಅದರದೇ ವೈಟ್ ನಾಯ್ಸ್ (ಹಿಂದಿನ ಕ್ಷಣಕ್ಕೆ ಸಂಬಂಧವೇ ಇಲ್ಲದ ಏರಿಳಿತ) ಹೋಗತ್ತೆ. ಯೂನಿಟ್ ವಿಷಯಕ್ಕೆ ಬಂದ್ರೆ ಮಾತ್ರ ಬ್ರಯಾನ್ ಹಳೇ ಕಾಲದ ಮೇಷ್ಟ್ರು! ನಾನು ಆ ಕ್ಸೈ ಪದನ ಟೌ (ನ್ಯೂರಾನ್‌ನ ಟೈಮ್ ಕಾನ್ಸ್ಟಂಟ್) ವರ್ಗಮೂಲದಿಂದ ಭಾಗಿಸೋದು ಮರೆತು ಇಡೀ ಸಂಜೆ ಎರರ್ ನೋಡ್ತಾ ಕೂತಿದ್ದೆ, ತಪ್ಪು ನಂದೇ.

ಮಾಡಿದ್ದಿಷ್ಟು. 100 ಇಂಟಿಗ್ರೇಟ್ ಅಂಡ್ ಫೈರ್ ನ್ಯೂರಾನ್ (ಬಂದ ಕರೆಂಟ್ ಕೂಡಿಸ್ಕೊಂಡು ವೋಲ್ಟೇಜ್ ಮಿತಿ ಮುಟ್ಟಿದಾಗ ಸ್ಪೈಕ್ ಹೊಡೆಯೋ ಸರಳ ಮಾದರಿ), ಒಂದಕ್ಕೊಂದು ಕನೆಕ್ಷನ್ನೇ ಇಲ್ಲ, ಶುರುವಿನ ವೋಲ್ಟೇಜ್ ಬೇರೆ ಬೇರೆ. ಒಂದೇ ಸಮ ಕರೆಂಟ್ ಕೊಟ್ರೆ ಹಿಂದೆ ಇದ್ದದ್ದು ಕೊನೇವರೆಗೂ ಅಷ್ಟೇ ಹಿಂದೆ. ಒಂದೊಂದಕ್ಕೂ ಬೇರೆ ನಾಯ್ಸ್ ಹಾಕ್ದೆ, ರಾಸ್ಟರ್ ಪ್ಲಾಟ್ (ಪ್ರತಿ ಸ್ಪೈಕ್‌ಗೂ ಒಂದು ಚುಕ್ಕಿ ಇಡೋ ಗ್ರಾಫ್) ಅಂಗಳದಲ್ಲಿ ರಾಗಿ ಚೆಲ್ಲಿದ ಹಂಗಾಯ್ತು. ಆಮೇಲೆ ಒಂದೇ ನಾಯ್ಸ್ ಸೀರೀಸನ್ನ ಟೈಮ್ಡ್ ಅರೇಲಿ (ಯಾವ ಹೊತ್ತಿಗೆ ಯಾವ ಬೆಲೆ ಅನ್ನೋ ಪಟ್ಟಿ) ಇಟ್ಟು ನೂರಕ್ಕೂ ಕೊಟ್ಟೆ ನೋಡಿ, ಸ್ವಲ್ಪ ಹೊತ್ತಿಗೆ ಚುಕ್ಕಿಗಳೆಲ್ಲ ನೆಟ್ಟಗೆ ಗೆರೆ ಎಳೆದಂಗೆ ನಿಂತ್ವು! ಯಾರೂ ಯಾರ ಜೊತೆನೂ ಮಾತಾಡಿಲ್ಲ, ಎಲ್ರಿಗೂ ಒಂದೇ ಗದ್ದಲ ಕೇಳಿಸಿದೆ, ಅಷ್ಟೇ. 1995ರಲ್ಲಿ ಮೇನೆನ್, ಸೆಜ್ನೋಸ್ಕಿ ಅನ್ನೋ ಸಂಶೋಧಕರು ಇಲಿ ಕಾರ್ಟೆಕ್ಸ್‌ನಲ್ಲಿ (ಮಿದುಳಿನ ಹೊರಪದರ) ತೋರಿಸಿದ್ದಕ್ಕೂ ಇದಕ್ಕೂ ನಂಟಿದೆ: ಸಮ ಕರೆಂಟ್ ಮತ್ತೆ ಮತ್ತೆ ಕೊಟ್ರೆ ಸ್ಪೈಕ್ ಟೈಮ್ ಜಾರ್ತಾ ಹೋಗತ್ತೆ, ಏರಿಳಿಯೋ ಅದೇ ಕರೆಂಟ್ ಕೊಟ್ರೆ ಹೆಚ್ಚುಕಡಿಮೆ ಮಿಲಿಸೆಕೆಂಡ್ ಲೆಕ್ಕದಲ್ಲಿ ಅದೇ ಜಾಗಕ್ಕೆ ಬಂದು ಬೀಳತ್ತೆ.

ಬ್ರಯಾನ್ ಸಿ ಪ್ಲಸ್ ಪ್ಲಸ್ ಕಂಪೈಲರ್ ಇಲ್ದೇನೂ ಓಡತ್ತೆ, ಆದ್ರೆ ಎತ್ತಿನಗಾಡಿ. ಮೊದಲು ಆ ಕಂಪೈಲರ್ ಹಾಕ್ಕೊಳ್ಳಿ.

ಇನ್ನೊಂದು, ನಾಯ್ಸ್ ಎಷ್ಟು ಅನ್ನೋದು ವೋಲ್ಟೇಜ್ ಮೇಲೇ ನಿಂತಿದ್ರೆ, ಅಂದ್ರೆ ಗುಣಿಸೋ ನಾಯ್ಸ್ ಆದ್ರೆ, ಸಮೀಕರಣನ ಹೆಜ್ಜೆಹೆಜ್ಜೆಯಾಗಿ ಬಿಡಿಸೋ ಯೂಲರ್ ಮೆಥಡ್ ಒಪ್ಪಲ್ಲ. ಹ್ಯೂನ್ ಮೆಥಡ್ ಹಾಕಿದ್ರೆ ಅದು ಸ್ಟ್ರಾಟೊನೊವಿಚ್ ಲೆಕ್ಕ (ನಾಯ್ಸ್ ಕೂಡಿಸೋಕೆ ಇಟೋಗಿಂತ ಬೇರೆ ಪದ್ಧತಿ), ನಿಮ್ಮ ಪೇಪರ್ ಇಟೋ ಲೆಕ್ಕದಲ್ಲಿದ್ರೆ ಸ್ಟೆಬಿಲಿಟಿ ಬೌಂಡರಿ (ಎಲ್ಲಿವರೆಗೆ ಸ್ಥಿರ ಅನ್ನೋ ಗಡಿ) ತಾಳೆ ಆಗಲ್ಲ, ಡ್ರಿಫ್ಟ್‌ನಲ್ಲಿ (ಸಮೀಕರಣದ ನಾಯ್ಸ್ ಇಲ್ಲದ ಭಾಗ) ತಿದ್ದುಪಡಿ ಸೇರಿಸ್ಕೊಂಡೇ ರನ್ ಮಾಡಿ.