ಫೋನಿಗೆ ಎರಡೂವರೆ ಸಾವಿರದ ಪರದೆ ಕಾಂಬೋ ಹಾಕಿಸುವ ಮೊದಲು ಇದನ್ನು ಓದಿ

ನಾಲ್ಕು ವರ್ಷ ಹಳೆಯ ಫೋನ್. ಅಮೋಲೆಡ್ ಪರದೆ, ಪರದೆಯೊಳಗೇ ಬೆರಳಚ್ಚು, 5000 ಎಂಎಎಚ್ ಬ್ಯಾಟರಿ. ಕೈಜಾರಿ ಬಿದ್ದು ಗಾಜು ಒಡೆದು ಅರ್ಧ ಪರದೆ ಕಪ್ಪಾಗಿತ್ತು. ಕಂಪನಿ ಸರ್ವೀಸ್ ಸೆಂಟರ್‌ನಲ್ಲಿ 7,500 ರೂಪಾಯಿ ಹೇಳಿದರು. ಬೀದಿ ಅಂಗಡಿಯಲ್ಲಿ ‘ಒರಿಜಿನಲ್ ಕ್ವಾಲಿಟಿ ಕಾಂಬೋ, 2,500’ ಅಂದರು, ಅರ್ಧ ಗಂಟೆಯಲ್ಲಿ ಹಾಕಿಯೂ ಕೊಟ್ಟರು. ಮನೆಗೆ ಬಂದು ನೋಡಿದರೆ ಬೆರಳಚ್ಚು ಕೆಲಸ ಮಾಡುತ್ತಿಲ್ಲ. ವಾರ ಕಳೆಯುವಷ್ಟರಲ್ಲಿ ಚಾರ್ಜ್ ಸಂಜೆಯವರೆಗೂ ನಿಲ್ಲುತ್ತಿಲ್ಲ. ಬ್ಯಾಟರಿ ಹೋಗಿದೆ ಎಂದು 1,400 ಕೊಟ್ಟು ಅದನ್ನೂ ಬದಲಿಸಿದ್ದಾಯಿತು. ಎರಡನೇ ತಿಂಗಳಲ್ಲಿ ಹಿಂಬದಿ ಕವರ್ ಒಂದು ಮೂಲೆಯಲ್ಲಿ ಬಾಯಿಬಿಟ್ಟಿತು. ಊದಿಕೊಂಡಿದ್ದು ಆ ಹೊಸ ಬ್ಯಾಟರಿಯೇ. ಮೂರನೇ ಸಲ ಬಿಚ್ಚಿದ ಮೇಲೆ ಫೋನ್ ಆನ್ ಆಗಲೇ ಇಲ್ಲ. ‘ಬೋರ್ಡ್ ಶಾರ್ಟ್ ಆಗಿದೆ, ಸಿಪಿಯು ರೀಬಾಲ್ ಮಾಡಬೇಕು (ಪ್ರೊಸೆಸರ್ ಚಿಪ್ ಎಬ್ಬಿಸಿ ಹೊಸದಾಗಿ ಬೆಸೆಯಬೇಕು), 3,500 ಆಗುತ್ತೆ, ಗ್ಯಾರಂಟಿ ಇಲ್ಲ’ ಅಂದರು ಅಂಗಡಿಯವರು. ಅಷ್ಟರಲ್ಲಿ 3,900 ರೂಪಾಯಿ ಹೋಗಿತ್ತು, ಅದರ ಜೊತೆ ಮೂರು ವರ್ಷದ ಫೋಟೊಗಳೂ ಹೋಗಿದ್ದವು. ಅದೇ ಮಾಡೆಲ್ ಸುಸ್ಥಿತಿಯಲ್ಲಿ ಸೆಕೆಂಡ್ ಹ್ಯಾಂಡ್ 6,000ಕ್ಕೆ ಸಿಗುತ್ತಿತ್ತು.

ಹಣೆಬರಹ ಎಂದು ಸುಮ್ಮನಾಗಬೇಡಿ. ಇಲ್ಲಿ ಕೆಟ್ಟ ಒಂದೊಂದಕ್ಕೂ ಕಾರಣ ಇದೆ, ಮತ್ತು ಎಲ್ಲವೂ ಶುರುವಾದದ್ದು ಆ ಕಾಂಬೋದಿಂದ.

ಡಿಸ್‌ಪ್ಲೇ ಮತ್ತು ಟಚ್ ಸೇರಿಸಿ ಬರುವ ಭಾಗಕ್ಕೆ ಅಂಗಡಿಗಳಲ್ಲಿ ಕಾಂಬೋ ಅಥವಾ ಫೋಲ್ಡರ್ ಅನ್ನುತ್ತಾರೆ. ಅಮೋಲೆಡ್ ಫೋನಿಗೂ ಅಗ್ಗದ ಕಾಂಬೋ ಸಿಗುತ್ತದೆ, ಆದರೆ ಅದು ಸಾಮಾನ್ಯವಾಗಿ ಟಿಎಫ್‌ಟಿ ಅಥವಾ ಇನ್‌ಸೆಲ್, ಅಂದರೆ ಎಲ್‌ಸಿಡಿ. ಅಮೋಲೆಡ್‌ನಲ್ಲಿ ಪ್ರತಿ ಚುಕ್ಕಿಯೂ ತಾನೇ ಬೆಳಗುತ್ತದೆ, ಆ ಚುಕ್ಕಿಗಳ ಸಂದಿನಿಂದ ಕೆಳಗಿರುವ ಸೆನ್ಸರ್ ನಿಮ್ಮ ಬೆರಳನ್ನು ನೋಡುತ್ತದೆ. ಎಲ್‌ಸಿಡಿಗೆ ಹಿಂದೆ ಬ್ಯಾಕ್‌ಲೈಟ್ ಹಾಳೆಗಳು ಬೇಕು. ಅವು ಸೆನ್ಸರಿನ ಕಣ್ಣಿಗೇ ಅಡ್ಡ. ಹಾಗಾಗಿ ‘ಬೆರಳಚ್ಚು ಮತ್ತೆ ರಿಜಿಸ್ಟರ್ ಮಾಡಿ, ಸರಿಹೋಗುತ್ತೆ’ ಎಂಬ ಮಾತು ನಂಬಬೇಡಿ. ಪರದೆ ಆನ್ ಇರುವಷ್ಟು ಹೊತ್ತೂ ಬ್ಯಾಕ್‌ಲೈಟ್ ಉರಿಯುವುದರಿಂದ ಕಪ್ಪು ಬಣ್ಣ ತೋರಿಸುವಾಗಲೂ ಕರೆಂಟ್ ಎಳೆಯುತ್ತದೆ, ಡಾರ್ಕ್ ಮೋಡ್‌ನಿಂದ ಆಗುತ್ತಿದ್ದ ಉಳಿತಾಯ ಹೋಯಿತು. ಮೇಲಿನ ಫೋನಿನಲ್ಲಿ ಬ್ಯಾಟರಿ ಸರಿಯಾಗೇ ಇತ್ತು, ಚಾರ್ಜ್ ತಿಂದದ್ದು ಪರದೆ. ಇನ್ನು ದಪ್ಪ: ಎಲ್‌ಸಿಡಿ ಪ್ಯಾನೆಲ್ ಫ್ರೇಮಿನಿಂದ ಕೂದಲೆಳೆಯಷ್ಟು ಮೇಲೆ ನಿಲ್ಲುತ್ತದೆ. ಅಂಚಿನ ಮೇಲೆ ಉಗುರು ಎಳೆದರೆ ತಡೆಯುತ್ತದೆ. ಧೂಳು, ಬೆವರು ಒಳಗೆ ಹೋಗುವ ದಾರಿ ಅದೇ.

ಅಂಟಿನ ವಿಷಯವೂ ಅಷ್ಟೇ. ಅಂಗಡಿಗಳು ಹೆಚ್ಚಾಗಿ ಬಳಸುವ ಬಿ-7000 ಗೋಂದು ಪೂರ್ತಿ ಗಟ್ಟಿಯಾಗಲು 24ರಿಂದ 48 ಗಂಟೆ ಬೇಕು. ಎರಡು ರಬ್ಬರ್ ಬ್ಯಾಂಡ್ ಸುತ್ತಿ ಹತ್ತು ನಿಮಿಷಕ್ಕೆ ಕೈಗಿಟ್ಟರೆ ಮೂಲೆ ಏಳದೆ ಇರುತ್ತದೆಯೇ? ಒಮ್ಮೆ ಬಿಚ್ಚಿದ ಫೋನಿನ ನೀರುತಡೆ ಮೊದಲಿನಂತೆ ಇರುತ್ತದೆ ಎಂದೂ ಎಣಿಸಬೇಡಿ.

ಬ್ಯಾಟರಿ ಊದುವುದು ಒಳಗಿನ ಎಲೆಕ್ಟ್ರೊಲೈಟ್ ಒಡೆದು ಗ್ಯಾಸ್ ಆಗುವುದರಿಂದ. ಕಳಪೆ ಸೆಲ್, ವರ್ಷಗಟ್ಟಲೆ ಗೋದಾಮಿನಲ್ಲಿ ಬಿದ್ದ ಸೆಲ್, ಲೋಹದ ಪಟ್ಟಿಯಿಂದ ಮೀಟಿ ಎಬ್ಬಿಸುವಾಗ ಮಡಿಚಿದ ಸೆಲ್, ಮೂರಕ್ಕೂ ಇದೇ ಗತಿ. ಹಾಕಿಸುವ ಮೊದಲು ಹೊಸದನ್ನೂ ಹಳೆಯದನ್ನೂ ಒಂದೊಂದು ಕೈಯಲ್ಲಿ ಹಿಡಿದು ತೂಗಿ ನೋಡಿ. ಎರಡರ ಮೇಲೂ 5000 ಅಂತಲೇ ಬರೆದಿದ್ದು ಹೊಸದು ಎದ್ದು ಕಾಣುವಷ್ಟು ಹಗುರವಾಗಿದ್ದರೆ ಒಳಗೆ ಅಷ್ಟು ಮಾಲು ಇಲ್ಲ. ಊದಿದ ಬ್ಯಾಟರಿಯ ಫೋನನ್ನು ಚಾರ್ಜಿಗೆ ಹಾಕಬೇಡಿ, ಕವರ್ ಒತ್ತಿ ಕೂರಿಸಬೇಡಿ, ಚುಚ್ಚಬೇಡಿ, ಮನೆಯ ಕಸಕ್ಕೂ ಹಾಕಬೇಡಿ. ಇ-ತ್ಯಾಜ್ಯ ತೆಗೆದುಕೊಳ್ಳುವ ಕಡೆ ಕೊಡಿ.

ಹಾಗಾದರೆ ರಿಪೇರಿಯೋ, ಹೊಸದೋ? ಅಂಗಡಿಗೆ ಹೋಗುವ ಮುಂಚೆ ಬೋರ್ಡಿನ ಆರೋಗ್ಯ ನೋಡಿ. *#06# ಒತ್ತಿದರೆ ಐಎಂಇಐ (ಫೋನಿನ ಗುರುತಿನ ಸಂಖ್ಯೆ) ಬರಬೇಕು, ವೈಫೈ ಸ್ವಿಚ್ ಆನ್ ಆಗಬೇಕು, ಸುಮ್ಮನೆ ಇಟ್ಟಾಗ ಕ್ಯಾಮೆರಾದ ಅಕ್ಕಪಕ್ಕ ಬಿಸಿಯಾಗಬಾರದು, ತಾನಾಗಿ ರೀಸ್ಟಾರ್ಟ್ ಆಗಬಾರದು. ಇವುಗಳಲ್ಲಿ ಒಂದು ಕೆಟ್ಟಿದ್ದರೂ ಆ ಫೋನಿನ ಪರದೆಗೆ ದುಡ್ಡು ಹಾಕಬೇಡಿ. ಆಮೇಲೆ ಸೆಟ್ಟಿಂಗ್ಸ್‌ನಲ್ಲಿ ಸೆಕ್ಯುರಿಟಿ ಅಪ್‌ಡೇಟ್ ದಿನಾಂಕ ನೋಡಿ. ಅದು ವರ್ಷಕ್ಕಿಂತ ಹಳೆಯದಾಗಿದ್ದು ಹೊಸ ಅಪ್‌ಡೇಟ್ ಬರುತ್ತಿಲ್ಲವಾದರೆ, ಯುಪಿಐ ಮತ್ತು ಬ್ಯಾಂಕ್ ಆ್ಯಪ್ ಇರುವ ಫೋನಿಗೆ ದೊಡ್ಡ ಖರ್ಚು ತರವಲ್ಲ. ಇವೆರಡೂ ಸರಿ ಇದ್ದರೆ ಪರದೆ, ಬ್ಯಾಟರಿ ಎಲ್ಲದರ ಖರ್ಚು ಒಟ್ಟಿಗೆ ಕೂಡಿ. ಒಂದೊಂದೇ ಕೊಡುತ್ತ ಹೋದರೆ ಎಲ್ಲವೂ ಅಗ್ಗವಾಗಿಯೇ ಕಾಣುತ್ತದೆ. ಒಟ್ಟು ಮೊತ್ತ ಅದೇ ಮಾಡೆಲಿನ ಇಂದಿನ ಸೆಕೆಂಡ್ ಹ್ಯಾಂಡ್ ಬೆಲೆಯ ಅರ್ಧ ದಾಟಿದರೆ ಬಿಟ್ಟುಬಿಡಿ. ಈ ಲೆಕ್ಕದಲ್ಲಿ ಮೇಲಿನ ಫೋನಿಗೆ 3,000 ಮಿತಿ. ಅಸಲಿ ಪರದೆ 7,500. ಅಂದರೆ ಹಾಕಿಸಬಾರದಿತ್ತು, ಅಗ್ಗದ್ದಂತೂ ಖಂಡಿತ ಬೇಡವಾಗಿತ್ತು.

ಬರೀ ಬ್ಯಾಟರಿ ಸೋತ ಫೋನನ್ನು ಮಾತ್ರ ಎಸೆಯಬೇಡಿ. ಒಳ್ಳೆಯ ಬ್ಯಾಟರಿ ಹಾಕಿಸಿದರೆ ಇನ್ನೆರಡು ವರ್ಷ ಆರಾಮಾಗಿ ಓಡಬಹುದು. ಚಾರ್ಜ್ ಹತ್ತದಿದ್ದರೆ ಮೊದಲು ಫೋನ್ ಆಫ್ ಮಾಡಿ, ಮರದ ಹಲ್ಲುಕಡ್ಡಿಯಿಂದ ಪೋರ್ಟಿನ ತಳದಲ್ಲಿ ಗಟ್ಟಿಯಾಗಿ ಕೂತ ಜೇಬಿನ ನೂಲನ್ನು ಕೆದಕಿ ತೆಗೆಯಿರಿ. ಎಷ್ಟೋ ಸಲ ಅಷ್ಟೇ ಸಾಕು. ಚಾರ್ಜಿಂಗ್ ಬೋರ್ಡ್ ಬದಲಿಸಲೇಬೇಕಾದರೆ ಫಾಸ್ಟ್ ಚಾರ್ಜಿಂಗ್ ಮತ್ತು ಮೈಕ್ ಎರಡನ್ನೂ ಅಲ್ಲೇ ಪರೀಕ್ಷಿಸಿ. ಬಹಳಷ್ಟು ಫೋನುಗಳಲ್ಲಿ ಮೈಕ್ ಅದೇ ಬೋರ್ಡಿನ ಮೇಲಿರುತ್ತದೆ.

ಡೇಟಾ ವಿಷಯದಲ್ಲಿ ಯಾರ ಭರವಸೆಯನ್ನೂ ನಂಬಬೇಡಿ. ಈಗಿನ ಫೋನುಗಳಲ್ಲಿ ಮೆಮೊರಿ ಎನ್‌ಕ್ರಿಪ್ಟ್ ಆಗಿರುತ್ತದೆ, ಅದರ ಕೀಲಿ ಪ್ರೊಸೆಸರಿಗೆ ಅಂಟಿಕೊಂಡಿರುತ್ತದೆ. ಬೋರ್ಡ್ ಸತ್ತರೆ ಮೆಮೊರಿ ಚಿಪ್ ಕಿತ್ತು ಬೇರೆ ಕಡೆ ಓದಿ ಪ್ರಯೋಜನವಿಲ್ಲ. ಪರದೆ ಕಾಣುತ್ತಿದ್ದು ಟಚ್ ಮಾತ್ರ ಸತ್ತಿದ್ದರೆ ಓಟಿಜಿ ಅಡಾಪ್ಟರಿಗೆ (ಚಾರ್ಜಿಂಗ್ ಪೋರ್ಟಿಗೆ ಹಾಕಿ ಮೌಸ್ ಜೋಡಿಸುವ ಸಣ್ಣ ಕನೆಕ್ಟರ್) ಮೌಸ್ ಸಿಕ್ಕಿಸಿ, ಫೋಟೊ, ವಾಟ್ಸ್‌ಆ್ಯಪ್ ಎಲ್ಲ ಬ್ಯಾಕಪ್ ಮಾಡಿಕೊಂಡೇ ಅಂಗಡಿಗೆ ಹೋಗಿ. ಸಿಮ್, ಮೆಮೊರಿ ಕಾರ್ಡ್ ತೆಗೆದಿಡಿ. ಪಿನ್ ಚೀಟಿಯಲ್ಲಿ ಬರೆದು ಕೊಡಬೇಡಿ. ನಿಮ್ಮ ಡೇಟಾ ಮುಚ್ಚಿಟ್ಟು ಫೋನ್ ಪರೀಕ್ಷಿಸಲು ಬಿಡುವ ಮೇಂಟೆನೆನ್ಸ್ ಮೋಡ್ ಸ್ಯಾಮ್‌ಸಂಗ್‌ನಲ್ಲಿ, ರಿಪೇರ್ ಮೋಡ್ ಪಿಕ್ಸೆಲ್‌ನಲ್ಲಿ ಇರುವುದು ಇದಕ್ಕೇ.

ಪರದೆ ಹಾಕಿಸುವುದೇ ಆದರೆ ‘ಒರಿಜಿನಲ್ಲಾ?’ ಎಂದು ಕೇಳಬೇಡಿ, ಹೌದು ಅಂತಲೇ ಅನ್ನುತ್ತಾರೆ. ಟಿಎಫ್‌ಟಿಯೋ, ಓಎಲ್‌ಇಡಿಯೋ (ಅಮೋಲೆಡ್ ಈ ಜಾತಿಯದೇ), ಕಂಪನಿಯ ಸರ್ವೀಸ್ ಪ್ಯಾಕೋ (ಕಂಪನಿಯೇ ರಿಪೇರಿಗೆಂದು ಕೊಡುವ ಅಸಲಿ ಭಾಗ), ಫ್ರೇಮ್ ಸಮೇತವೋ ಎಂದು ಕೇಳಿ, ಉತ್ತರವನ್ನು ಬಿಲ್ಲಿನಲ್ಲಿ ಬರೆಸಿ. ‘ಟೆಸ್ಟಿಂಗ್ ವಾರಂಟಿ’ ಅಂದರೆ ಅಂಗಡಿಯ ಮೆಟ್ಟಿಲು ಇಳಿದ ಮೇಲೆ ಏನೂ ಇಲ್ಲ ಎಂದರ್ಥ. ಗೋಂದು ಹಾಕುವ ಮೊದಲೇ ಪ್ಯಾನೆಲ್ ಸಿಕ್ಕಿಸಿ ತೋರಿಸಲು ಹೇಳಿ: ಬೆರಳಚ್ಚು, ಬ್ರೈಟ್‌ನೆಸ್, ಕರೆ ಮಾಡಿ ಕಿವಿಗಿಟ್ಟಾಗ ಪರದೆ ಆರುತ್ತದೆಯೇ, ಒಂದು ಐಕಾನ್ ಒತ್ತಿ ಹಿಡಿದು ನಾಲ್ಕೂ ಅಂಚಿಗೆ ಎಳೆದಾಗ ಎಲ್ಲಾದರೂ ಕೈಬಿಡುತ್ತದೆಯೇ. ತೆಗೆದ ಹಳೆಯ ಪರದೆಯನ್ನು ಕೇಳಿ ತೆಗೆದುಕೊಳ್ಳಿ. ಬಿಲ್ ಇದ್ದೂ ಮೋಸವಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು.

ಹಳೆಯದನ್ನು ಬಿಟ್ಟು ಸೆಕೆಂಡ್ ಹ್ಯಾಂಡ್ ಕೊಳ್ಳುವವರು ದುಡ್ಡು ಕೊಡುವ ಮೊದಲು ಒಂದು ಎಸ್‌ಎಂಎಸ್ ಕಳಿಸಿ. ಇಂಗ್ಲಿಷ್ ಅಕ್ಷರದಲ್ಲಿ ಕೆ, ವೈ, ಎಂ ಬರೆದು, ಒಂದು ಸ್ಪೇಸ್ ಬಿಟ್ಟು, 15 ಅಂಕಿಯ ಐಎಂಇಐ ಹಾಕಿ 14422ಕ್ಕೆ ಕಳಿಸಿದರೆ ಆ ನಂಬರ್ ಯಾವ ಕಂಪನಿಯ ಯಾವ ಮಾಡೆಲಿನದು, ಬ್ಲಾಕ್ ಆಗಿದೆಯೇ ಎಂದು ತಿಳಿಯುತ್ತದೆ. ಕೈಯಲ್ಲಿರುವ ಫೋನಿಗೂ ಬಂದ ಉತ್ತರಕ್ಕೂ ತಾಳೆಯಾಗದಿದ್ದರೆ ಫೋನ್ ವಾಪಸ್ ಕೊಟ್ಟು ಬನ್ನಿ.